ಎಂಟು ಜನ, ಒಂದು ಬೆಲ್ಟು

ಎಂಟು ಜನಕ್ಕೂ ಒಂದೇ ಥರದ ಚೌಕಳಿ ಕೋಟು. 1860ರ ಅಕ್ಟೋಬರ್ 17ರಂದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್ ಎಂಬ ಊರಿನಲ್ಲಿ ಗಾಲ್ಫ್ ಆಡಲು ನಿಂತವರ ಮೈಮೇಲಿದ್ದದ್ದು ಸ್ವಂತದ ಬಟ್ಟೆಯಲ್ಲ. ಅಲ್ಲಿನ ದೊಡ್ಡ ಜಮೀನ್ದಾರ, ಎಗ್ಲಿಂಟನ್‌ನ ಅರ್ಲ್, ತನ್ನ ಎಸ್ಟೇಟಿನ ಕೂಲಿಯಾಳುಗಳು ತೊಡುತ್ತಿದ್ದಂಥ ಕೋಟುಗಳನ್ನೇ ಇವರಿಗೂ ಹಂಚಿದ್ದ ಎನ್ನುತ್ತಾರೆ. ಹರಕು ಅಂಗಿಯಲ್ಲಿ ಬಂದು ನಿಂತರೆ ನೋಡಲು ಬಂದ ಗಣ್ಯರ ಎದುರು ಆಟ ಏರ್ಪಡಿಸಿದ ಪ್ರೆಸ್ಟ್‌ವಿಕ್ ಕ್ಲಬ್ಬಿನ ಮಾನ ಹೋದೀತಲ್ಲ.

ಮೈದಾನದಲ್ಲಿ ಇದ್ದದ್ದು ಹನ್ನೆರಡೇ ಕುಳಿ. ಒಂದೇ ದಿನ ಮೂರು ಸುತ್ತು, ಒಟ್ಟು 36 ಕುಳಿ. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಮಸಲ್‌ಬರೋ ಊರಿನ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಮುಗಿಸಿದ. ಪ್ರೆಸ್ಟ್‌ವಿಕ್‌ನ ಮೈದಾನ ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್‌ಗೆ ಎರಡು ಹೊಡೆತ ಹೆಚ್ಚು ಬೇಕಾಯಿತು. ಬಹುಮಾನವಾಗಿ ಒಂದು ಪೆನ್ನಿಯೂ ಇರಲಿಲ್ಲ. ಕೆಂಪು ಚರ್ಮದ, ಬೆಳ್ಳಿ ಬಿಲ್ಲೆಯ ಅಗಲವಾದ ಬೆಲ್ಟೊಂದಿತ್ತು, ಅದೂ ಒಂದು ವರ್ಷದ ಮಟ್ಟಿಗೆ. ಗೆದ್ದವನು ತಕ್ಕ ಜಾಮೀನು ತಂದು ತೋರಿಸುವ ತನಕ ಅದು ಕ್ಲಬ್ಬಿನ ಖಜಾಂಚಿಯ ಬಳಿಯೇ ಇರಬೇಕು ಎಂದು ನಿಯಮ ಹೇಳುತ್ತಿತ್ತು. ಚಾಂಪಿಯನ್ ಎಂದು ಕರೆಯಲು ಅಡ್ಡಿಯಿಲ್ಲ, ಬೆಲ್ಟು ಕೈಗೆ ಕೊಡಲು ಮಾತ್ರ ನಂಬಿಕೆಯಿಲ್ಲ!

ಇವತ್ತು ‘ದಿ ಓಪನ್’ ಎಂದು ಕರೆಸಿಕೊಳ್ಳುವ, ನಮ್ಮ ಕ್ರೀಡಾ ಪುಟಗಳಲ್ಲಿ ಬ್ರಿಟಿಷ್ ಓಪನ್ ಎಂದು ಅಚ್ಚಾಗುವ ಟೂರ್ನಿ ಶುರುವಾದದ್ದು ಹೀಗೆ. ಗಾಲ್ಫಿನ ನಾಲ್ಕು ಮೇಜರ್‌ಗಳಲ್ಲಿ, ಅಂದರೆ ಅತಿ ದೊಡ್ಡ ಟೂರ್ನಿಗಳಲ್ಲಿ, ಇದೇ ಎಲ್ಲಕ್ಕಿಂತ ಹಳೆಯದು. ಉಳಿದ ಮೂರೂ ಅಮೆರಿಕದವು. 2024ರಲ್ಲಿ ಗೆದ್ದ ಕ್ಸಾಂಡರ್ ಶಾಫ್ಲಿಗೆ ಸಿಕ್ಕಿದ್ದು 31 ಲಕ್ಷ ಡಾಲರ್. ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಬಸ್ಸು ನಿಧಾನವಾದಾಗ ಎತ್ತರದ ಬಲೆಯಾಚೆ ಹಸಿರು ಕಂಡು, ಗಾಲ್ಫ್ ಎಂದರೆ ಬೇಲಿಯೊಳಗಿನ ದೊಡ್ಡವರ ಆಟ ಎಂದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಓಪನ್‌ನ ಚರಿತ್ರೆ ತೆರೆದರೆ ಮೊದಲ ಪುಟಗಳಲ್ಲಿ ಎದುರಾಗುವವರು ಚೆಂಡು ಹೊಲಿಯುವವರು, ಹುಲ್ಲು ನೋಡಿಕೊಳ್ಳುವವರು, ಯಜಮಾನರ ಕೋಲುಗಳನ್ನು ಹೊತ್ತು ಹಿಂದೆ ನಡೆಯುವ ಕ್ಯಾಡಿಗಳು.

ಆ ಕಾಲದಲ್ಲಿ ‘ವೃತ್ತಿಪರ’ ಎಂಬ ಮಾತಿನಲ್ಲಿ ಹೊಗಳಿಕೆ ಇರಲಿಲ್ಲ. ಆಡಿ ಹೊಟ್ಟೆ ಹೊರೆಯುವವನು ಆಳು. ಹೊಟ್ಟೆ ತುಂಬಿದ ಮೇಲೆ ಆಡುವವನು ಜಂಟಲ್‌ಮನ್. ಜಂಟಲ್‌ಮನ್‌ಗಳು ಈ ಆಳುಗಳ ಮೇಲೆ ಬಾಜಿ ಕಟ್ಟುತ್ತಿದ್ದರು, ಹುಂಜದ ಅಂಕದಲ್ಲಿ ಕೋಳಿಯ ಮೇಲೆ ಕಟ್ಟುವ ಹಾಗೆ.

ಅವರ ಕಸುಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೇಂಟ್ ಆಂಡ್ರೂಸ್ ಊರಿನ ಅಲನ್ ರಾಬರ್ಟ್‌ಸನ್ ಗರಿಚೆಂಡು ಮಾಡುವುದರಲ್ಲಿ ಎತ್ತಿದ ಕೈ. ಚರ್ಮದ ತುಂಡುಗಳನ್ನು ನೆನೆಸಿ, ಒಳಮೈ ಹೊರಗಾಗಿಸಿ ಹೊಲಿದು, ಪುಟ್ಟ ಬಾಯಿ ಉಳಿಸಿ ಮಗುಚಬೇಕು. ಆಮೇಲೆ ಬೇಯಿಸಿದ ಬಾತುಕೋಳಿ ಗರಿ, ಒಂದು ಟೋಪಿಯ ತುಂಬ, ಆ ಬಾಯಿಯಿಂದ ಒಳಗೆ ಹೋಗಬೇಕು. ಬೆರಳಿಗೆ ಬಗ್ಗದ ಕೆಲಸವದು. ಕಬ್ಬಿಣದ ಸಲಾಕೆಯನ್ನು ಎದೆಗೆ ಒತ್ತಿಕೊಂಡು ಮೈಭಾರವನ್ನೆಲ್ಲ ಬಿಟ್ಟು ತುರುಕಬೇಕು. ಒಣಗುತ್ತ ಗರಿ ಉಬ್ಬುತ್ತದೆ, ಚರ್ಮ ಕುಗ್ಗುತ್ತದೆ, ಚೆಂಡು ಕಲ್ಲಿನಂತಾಗುತ್ತದೆ. ದಿನವಿಡೀ ಕೂತರೂ ಒಬ್ಬನಿಗೆ ಮೂರೋ ನಾಲ್ಕೋ ಚೆಂಡು. ಗರಿಯ ದೂಳು ಮಾತ್ರ ಲೆಕ್ಕವಿಲ್ಲದಷ್ಟು ಶ್ವಾಸಕೋಶಕ್ಕೆ.

ಟಾಮ್ ಮಾರಿಸ್ ಈ ರಾಬರ್ಟ್‌ಸನ್‌ನ ಕೈಕೆಳಗೆ ಕಲಿತವನು. 1848ರ ಹೊತ್ತಿಗೆ ಮಲಯದ ಮರವೊಂದರ ಅಂಟಿನಿಂದ ಮಾಡಿದ ಗಟ್ಟಾ-ಪರ್ಚಾ ಚೆಂಡು ಬಂತು. ಬಿಸಿನೀರಲ್ಲಿ ಮೆದುವಾಗಿಸಿ ಅಂಗೈಯಲ್ಲಿ ಉಂಡೆ ಕಟ್ಟಿದರೆ ಆಯಿತು, ನಾವು ರಾಗಿಮುದ್ದೆ ಕಟ್ಟಿದ ಹಾಗೆ. ಒಡೆದರೆ ಮತ್ತೆ ಕರಗಿಸಿ ಕಟ್ಟಬಹುದು. ತನ್ನ ಅನ್ನಕ್ಕೇ ಕಲ್ಲು ಬಿತ್ತೆಂದು ರಾಬರ್ಟ್‌ಸನ್‌ಗೆ ಅರ್ಥವಾಯಿತು. ಊರಲ್ಲಿ ಸಿಕ್ಕ ಅಂಟುಚೆಂಡುಗಳನ್ನೆಲ್ಲ ಕೊಂಡು ತಂದು ಸುಟ್ಟನಂತೆ. ಒಂದು ದಿನ ಚೆಂಡು ಮುಗಿದುಹೋಗಿ ಟಾಮ್ ಯಾರದೋ ಅಂಟುಚೆಂಡು ಕಡ ಪಡೆದು ಆಡಿದ, ಸುದ್ದಿ ಗುರುವಿನ ಕಿವಿಗೆ ಬಿತ್ತು, ಇಬ್ಬರೂ ಬೇರೆಯಾದರು. 1851ರಲ್ಲಿ ಜೇಮ್ಸ್ ಫೇರ್ಲಿ ಎಂಬ ಕರ್ನಲ್ ಟಾಮ್‌ನನ್ನು ಹೊಸದಾಗಿ ಶುರುವಾದ ಪ್ರೆಸ್ಟ್‌ವಿಕ್ ಕ್ಲಬ್ಬಿಗೆ ಕರೆದೊಯ್ದ. ಮರಳು ದಿಬ್ಬಗಳ ನಡುವೆ ಆ ಹನ್ನೆರಡು ಕುಳಿಗಳ ಮೈದಾನ ಹದಗೊಳಿಸಿದ್ದು ಟಾಮ್. ಕೃತಜ್ಞತೆಗೆ ತನ್ನ ಮಗನೊಬ್ಬನಿಗೆ ಫೇರ್ಲಿಯ ಹೆಸರನ್ನೇ ಇಟ್ಟ.

ರಾಬರ್ಟ್‌ಸನ್ 1859ರಲ್ಲಿ ಕಾಮಾಲೆಯಿಂದ ತೀರಿಕೊಂಡ. ಅವನಿರುವ ತನಕ ಸ್ಕಾಟ್ಲೆಂಡಿನಲ್ಲಿ ಅತ್ಯುತ್ತಮ ಆಟಗಾರ ಯಾರೆಂಬ ಪ್ರಶ್ನೆಯೇ ಎದ್ದಿರಲಿಲ್ಲ. ಈಗ ಎದ್ದಿತು. ಬಾಜಿ ಕಟ್ಟುವವರಿಗಂತೂ ಉತ್ತರ ಬೇಕೇ ಬೇಕಿತ್ತು. ಎಗ್ಲಿಂಟನ್‌ನ ಅರ್ಲ್‌ಗೆ ಹಳೆಯ ಕಾಲದ ವೀರರ ಗೀಳು ಬೇರೆ; 1839ರಲ್ಲಿ ತನ್ನ ಕೋಟೆಯಲ್ಲಿ ಕುದುರೆ ಮೇಲಿನ ಈಟಿಕಾಳಗ ಏರ್ಪಡಿಸಿ, ಸುರಿದ ಮಳೆಗೆ ಎಲ್ಲವೂ ಕೆಸರಾಗಿ ನಗೆಪಾಟಲಾಗಿದ್ದ. ಇಂಥವನ ಕ್ಲಬ್ಬು ಚಾಂಪಿಯನ್‌ಗೆ ಸೊಂಟದ ಬೆಲ್ಟು ಕೊಡಲು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ. ಬೇರೆ ಕ್ಲಬ್ಬುಗಳಿಗೆ ಹೋದ ಪತ್ರದಲ್ಲಿ ‘ಮರ್ಯಾದಸ್ಥ ಕ್ಯಾಡಿ’ಗಳನ್ನು ಕಳುಹಿಸಿ ಎಂದು ಕೇಳಿಕೊಳ್ಳಲಾಗಿತ್ತು. ಬಂದವರು ಎಷ್ಟೇ ಮರ್ಯಾದಸ್ಥರಾದರೂ ಲೆಕ್ಕದಲ್ಲಿ ಮೋಸ ಮಾಡದಿರಲಿ ಎಂದು ಪ್ರತಿ ಜೋಡಿಯ ಹಿಂದೆ ಒಬ್ಬ ಜಂಟಲ್‌ಮನ್ ಹೊಡೆತ ಎಣಿಸುತ್ತ ನಡೆದ.

ಆ ವರ್ಷ ಆಡಿದವರೆಲ್ಲ ವೃತ್ತಿಪರರೇ. ಮರುವರ್ಷ ಹವ್ಯಾಸಿಗಳೂ ಸೇರಲಿ, ಇದು ಇಡೀ ಜಗತ್ತಿಗೆ ತೆರೆದಿರಲಿ ಎಂದು ಕ್ಲಬ್ ತೀರ್ಮಾನಿಸಿತು. ‘ಓಪನ್’ ಎಂಬ ಪದ ಬಂದದ್ದು ಅಲ್ಲಿಂದ. ಆಳುಗಳ ಟೂರ್ನಿಯನ್ನು ದೊರೆಗಳಿಗಾಗಿ ತೆರೆದರೇ ಹೊರತು, ದೊರೆಗಳ ಮನೆಯನ್ನು ಆಳುಗಳಿಗೆ ತೆರೆದದ್ದಲ್ಲ. ಅದಕ್ಕೆ ಇನ್ನೂ ಬಹಳ ವರ್ಷ ಬೇಕಿತ್ತು.

ಟಾಮ್ ಮಾರಿಸ್ 1861, 62, 64 ಮತ್ತು 67ರಲ್ಲಿ ಗೆದ್ದ. 1867ರಲ್ಲಿ ಅವನ ವಯಸ್ಸು 46. ಅವನಿಗಿಂತ ಹಿರಿಯ ಚಾಂಪಿಯನ್ ಓಪನ್‌ಗೆ ಇವತ್ತಿನವರೆಗೂ ಸಿಕ್ಕಿಲ್ಲ. ಮರುವರ್ಷ ಗೆದ್ದವನು ಅವನ ಮಗ, ಅವನ ಹೆಸರೂ ಟಾಮ್, ವಯಸ್ಸು 17. ಅವನಿಗಿಂತ ಕಿರಿಯ ಚಾಂಪಿಯನ್ನೂ ಸಿಕ್ಕಿಲ್ಲ. ಹಿರಿತನ, ಕಿರಿತನದ ದಾಖಲೆ ಎರಡೂ ಒಂದೇ ಮನೆಯ ಅಪ್ಪ ಮಕ್ಕಳದು, ಅದೂ ಬೆನ್ನು ಬೆನ್ನಿಗೆ.

ಚಿಕ್ಕ ಟಾಮ್‌ನ, ಅಂದರೆ ಟಾಮಿಯ, ಬಗ್ಗೆ ಬರೆಯುವಾಗ ಎಚ್ಚರ ತಪ್ಪಿದರೆ ಪುರಾಣವಾಗುತ್ತದೆ. ಅಂಕಿಗಳಷ್ಟನ್ನೇ ಹೇಳುತ್ತೇನೆ. 1869ರಲ್ಲಿ ಮತ್ತೆ ಗೆದ್ದ. ಅದೇ ಟೂರ್ನಿಯಲ್ಲಿ ಎಂಟನೇ ಕುಳಿಗೆ ಒಂದೇ ಹೊಡೆತದಲ್ಲಿ ಚೆಂಡು ಹಾಕಿದ. ಓಪನ್‌ನಲ್ಲಿ ದಾಖಲಾದ ಮೊದಲ ಹೋಲ್-ಇನ್-ಒನ್ ಅದು. 1870ರಲ್ಲಿ ಮೊದಲ ಕುಳಿ 578 ಗಜ ದೂರದಲ್ಲಿತ್ತು. ಹಿಕೋರಿ ಮರದ ಹಿಡಿಯ ಕೋಲು, ಕೈಯಲ್ಲಿ ಉಂಡೆ ಕಟ್ಟಿದ ಚೆಂಡು. ಆರು ಹೊಡೆತದಲ್ಲಿ ಮುಗಿಸಿದವನು ಸಮಾಧಾನದಿಂದ ಮುಂದೆ ನಡೆಯುವ ಕುಳಿ. ಟಾಮಿ ಮೂರರಲ್ಲಿ ಮುಗಿಸಿದ. ಒಟ್ಟು 149 ಹೊಡೆತ, ಎರಡನೆಯವರಿಗಿಂತ 12 ಕಡಿಮೆ.

ಸತತ ಮೂರು ಬಾರಿ ಗೆದ್ದವನಿಗೆ ಬೆಲ್ಟು ಸ್ವಂತ ಎಂದು ನಿಯಮವಿತ್ತು. ಯಾರೂ ಗೆಲ್ಲಲಾರರು ಎಂಬ ಧೈರ್ಯದಿಂದ ಬರೆದದ್ದಿರಬೇಕು. ಹತ್ತೊಂಬತ್ತರ ಹುಡುಗ ಬೆಲ್ಟನ್ನು ಮನೆಗೆ ಕೊಂಡೊಯ್ದ. ಈಗ ಕ್ಲಬ್ಬಿನ ಬಳಿ ಕೊಡಲು ಏನೂ ಇಲ್ಲ. ಹೊಸ ಟ್ರೋಫಿಗೆ ಹಣ ಯಾರು ಹಾಕಬೇಕೆಂಬ ಮಾತು ಎಳೆದಾಡಿ, 1871ರಲ್ಲಿ ಟೂರ್ನಿಯೇ ನಡೆಯಲಿಲ್ಲ. ಎರಡು ಮಹಾಯುದ್ಧ, 2020ರ ಕೊರೊನಾ ಬಿಟ್ಟರೆ ಓಪನ್ ತಪ್ಪಿದ್ದು ಅದೊಂದೇ ವರ್ಷ. ಕಾರಣ, ಹುಡುಗನೊಬ್ಬ ವಿಪರೀತ ಚೆನ್ನಾಗಿ ಆಡಿದ್ದು.

ಕೊನೆಗೆ ಪ್ರೆಸ್ಟ್‌ವಿಕ್, ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ (ಆರ್ ಅಂಡ್ ಎ), ಎಡಿನ್‌ಬರಾದ ಆನರಬಲ್ ಕಂಪನಿ – ಮೂರೂ ಕ್ಲಬ್ಬುಗಳು ತಲಾ ಹತ್ತು ಪೌಂಡ್ ಹಾಕಿ ಬೆಳ್ಳಿಯ ಹೂಜಿಯೊಂದನ್ನು ಮಾಡಿಸಿದವು. ಶ್ರೀಮಂತರ ಮನೆಗಳಲ್ಲಿ ಕ್ಲಾರೆಟ್ ವೈನ್ ಬಗ್ಗಿಸುವ ಹೂಜಿಯ ಆಕಾರ. ಹಾಗಾಗಿ ಕ್ಲಾರೆಟ್ ಜಗ್ ಎಂದೇ ಹೆಸರಾಯಿತು. 1872ರಲ್ಲಿ ಟೂರ್ನಿ ಮತ್ತೆ ನಡೆದಾಗ ಹೂಜಿ ಇನ್ನೂ ತಯಾರಾಗಿರಲಿಲ್ಲ. ಗೆದ್ದ ಟಾಮಿಗೆ ಪದಕ ಕೊಟ್ಟು ಕಳುಹಿಸಿದರು. ಸತತ ನಾಲ್ಕನೇ ಗೆಲುವು. ಆ ಸಾಧನೆ ಮತ್ತೆ ಯಾರಿಗೂ ಆಗಿಲ್ಲ. ಹೂಜಿಯ ಮೇಲೆ ಮೊದಲು ಕೆತ್ತಿದ ಹೆಸರು ಅವನದು, ಮೊದಲು ಕೈಗೆತ್ತಿಕೊಂಡವನು 1873ರಲ್ಲಿ ಗೆದ್ದ ಟಾಮ್ ಕಿಡ್. ಟಾಮಿ ಅದನ್ನು ಗೆಲ್ಲಲೇ ಇಲ್ಲ.

1875ರ ಸೆಪ್ಟೆಂಬರಿನಲ್ಲಿ ಅಪ್ಪ ಮಗ ಇಬ್ಬರೂ ನಾರ್ತ್ ಬೆರಿಕ್ ಎಂಬಲ್ಲಿ ವಿಲ್ಲಿ ಪಾರ್ಕ್ ಮತ್ತು ಅವನ ತಮ್ಮನ ಎದುರು ಪಂದ್ಯ ಆಡುತ್ತಿದ್ದಾಗ ಊರಿಂದ ತಂತಿ ಬಂತು. ಟಾಮಿಯ ಹೆಂಡತಿ ಮಾರ್ಗರೆಟ್‌ಗೆ ಹೆರಿಗೆ ಕಷ್ಟವಾಗಿತ್ತು. ರೈಲು ಹಿಡಿದರೆ ಸುತ್ತು ದಾರಿ. ಯಾರೋ ಹಾಯಿದೋಣಿ ಕೊಟ್ಟರು. ಫೋರ್ತ್ ಕೊಲ್ಲಿ ದಾಟಿ ಸೇಂಟ್ ಆಂಡ್ರೂಸ್ ಮುಟ್ಟುವಾಗ ತಾಯಿ, ಮಗು ಎರಡೂ ಉಳಿದಿರಲಿಲ್ಲ. ಅದೇ ವರ್ಷ ಕ್ರಿಸ್ಮಸ್ ದಿನ ಟಾಮಿಯೂ ಸತ್ತ. ವಯಸ್ಸು 24. ಅಪ್ಪ ಇನ್ನೂ ಮೂವತ್ತೆರಡು ವರ್ಷ ಬದುಕಿದ್ದ. ಓಪನ್‌ನಲ್ಲಿ ಇನ್ನೂ ಹಲವು ವರ್ಷ ಆಡಿದ.

1876ರ ಓಪನ್ ಒಂದು ಪ್ರಹಸನ. ಸೇಂಟ್ ಆಂಡ್ರೂಸ್‌ನಲ್ಲಿ ಚಾಂಪಿಯನ್‌ಷಿಪ್ ನಡೆಯುವಾಗ ಊರವರ ಮಾಮೂಲು ಆಟವೂ ನಡೆದೇ ಇತ್ತು. ಡೇವಿ ಸ್ಟ್ರಾತ್ ಹೊಡೆದ ಚೆಂಡು ಒಬ್ಬನಿಗೆ ಬಡಿದು ಅವನು ನೆಲಕ್ಕುರುಳಿದ. ಹದಿನೇಳನೇ ಕುಳಿಯಲ್ಲಿ ಮುಂದಿನವರು ಜಾಗ ಬಿಡುವ ಮೊದಲೇ ಸ್ಟ್ರಾತ್ ಹೊಡೆದು, ಚೆಂಡು ಅವರಲ್ಲೊಬ್ಬನಿಗೆ ತಾಗಿ ರಸ್ತೆಗೆ ಉರುಳದೆ ನಿಂತಿತು. ಬಾಬ್ ಮಾರ್ಟಿನ್ ಜೊತೆ ಅಂಕ ಸಮವಾಯಿತು, ಆಕ್ಷೇಪಣೆಯೂ ಬಂತು. ಮೊದಲು ಸಮಬಲ ಮುರಿಯುವ ಪ್ಲೇಆಫ್ ಆಡಿ, ತೀರ್ಪು ಆಮೇಲೆ ಎಂದಿತು ಸಮಿತಿ. ಮೊದಲು ತೀರ್ಪು ಹೇಳಿ ಎಂದ ಸ್ಟ್ರಾತ್, ಆಡಲು ಬರಲೇ ಇಲ್ಲ. ಮಾರ್ಟಿನ್ ಒಬ್ಬನೇ ಮೈದಾನದಲ್ಲಿ ನಡೆದು ಚಾಂಪಿಯನ್ ಆದ. ಅಲ್ಲಿ ಈ ಜಗಳ ನಡೆದ ವರ್ಷವೇ ಇಲ್ಲಿ ದಂಡುಪ್ರದೇಶದ ಬ್ರಿಟಿಷರು ಬೆಂಗಳೂರು ಗಾಲ್ಫ್ ಕ್ಲಬ್ ಶುರುಮಾಡಿದರು. ಸ್ಯಾಂಕಿ ರಸ್ತೆಯ ಆ ಬಲೆಯಾಚೆಯ ಹಸಿರು ಅದೇ.

ಮುಂದಿನ ಕೆಲವು ದಶಕಗಳನ್ನು ಬೇಗ ದಾಟಬಹುದು. 1890ರಲ್ಲಿ ಜಾನ್ ಬಾಲ್ ಗೆದ್ದ. ಮೊದಲ ಇಂಗ್ಲಿಷ್ ಚಾಂಪಿಯನ್, ಮೊದಲ ಹವ್ಯಾಸಿ ಚಾಂಪಿಯನ್ ಎರಡೂ ಅವನೇ. 1892ರಲ್ಲಿ 36 ಕುಳಿ 72 ಆಯಿತು. 1894ರಲ್ಲಿ ಟೂರ್ನಿ ಮೊದಲ ಬಾರಿ ಸ್ಕಾಟ್ಲೆಂಡಿನ ಗಡಿ ದಾಟಿ ಇಂಗ್ಲೆಂಡಿಗೆ ಬಂತು. ಅಲ್ಲಿಂದ 1914ರವರೆಗಿನ 21 ಟೂರ್ನಿಗಳಲ್ಲಿ 16ನ್ನು ಮೂವರೇ ಹಂಚಿಕೊಂಡರು: ತೋಟದ ಮಾಲಿಯಾಗಿದ್ದ ಹ್ಯಾರಿ ವಾರ್ಡನ್, ಬಡಗಿ ಕೆಲಸ ಕಲಿತಿದ್ದ ಜೇಮ್ಸ್ ಬ್ರೇಡ್, ಕ್ಯಾಡಿಯಾಗಿ ಬೆಳೆದ ಜೆ.ಎಚ್. ಟೇಲರ್. ವಾರ್ಡನ್‌ನ ಆರು ಗೆಲುವು ಇನ್ನೂ ದಾಖಲೆ. ಮಾಲಿ, ಬಡಗಿ, ಕ್ಯಾಡಿಗಳು ದೇಶಕ್ಕೆಲ್ಲ ಹೆಸರಾದರು. ಆದರೂ ಟೂರ್ನಿ ನಡೆಯುವ ಕ್ಲಬ್‌ಹೌಸಿನ ಮುಂಬಾಗಿಲಿನಿಂದ ಅವರಿಗೆ ಪ್ರವೇಶವಿರಲಿಲ್ಲ.

ಆ ಬಾಗಿಲಿನ ಮುಂದೆ 1920ರಲ್ಲಿ ಒಂದು ದೊಡ್ಡ ಕಾರು ಬಂದು ನಿಂತಿತು. ಊರು ಡೀಲ್, ಇಂಗ್ಲೆಂಡಿನ ಆಗ್ನೇಯ ಕರಾವಳಿ. ಬಂದವನು ಅಮೆರಿಕದ ವಾಲ್ಟರ್ ಹೇಗನ್. ಅಷ್ಟು ಹೊತ್ತಿಗೆ ಎರಡು ಬಾರಿ ಯು.ಎಸ್. ಓಪನ್ ಗೆದ್ದವನು, ಅಂಗಡಿಯಿಂದ ಈಗಷ್ಟೇ ಬಂದಂಥ ಸೂಟು. ವೃತ್ತಿಪರರು ಬಟ್ಟೆ ಬದಲಿಸಬೇಕಾದ್ದು ಒಳಗಲ್ಲ, ಬೇರೆ ಕಡೆ ಎಂದು ಹೇಳಿದರು. ಹೇಗನ್ ಜಗಳಕ್ಕೆ ಹೋಗಲಿಲ್ಲ. ಡ್ರೈವರ್ ಸಮೇತ ಬಾಡಿಗೆಗೆ ಹಿಡಿದಿದ್ದ ಆಸ್ಟ್ರೊ-ಡೈಮ್ಲರ್ ಕಾರನ್ನು ಕ್ಲಬ್‌ಹೌಸಿನ ಎದುರೇ ನಿಲ್ಲಿಸಿ, ದಿನವೂ ಅದರಲ್ಲೇ ಬಟ್ಟೆ ಬದಲಿಸಿದ, ಅದರಲ್ಲೇ ಊಟ ಮಾಡಿದ. ಆಟದಲ್ಲಿ ಮಾತ್ರ ಪಟ್ಟಿಯ ತಳಕ್ಕೆ ಬಿದ್ದ. ಅದೇ ಬೇಸಿಗೆಯಲ್ಲಿ ಅಮೆರಿಕದ ಒಹಾಯೊದ ಇನ್ವರ್ನೆಸ್ ಕ್ಲಬ್ ವೃತ್ತಿಪರರನ್ನು ಒಳಗೆ ಕರೆದು ಉಪಚರಿಸಿತು. ಆಟಗಾರರು ದುಡ್ಡು ಕೂಡಿಸಿ ಆಳೆತ್ತರದ ಗಡಿಯಾರ ಕೊಟ್ಟು ಬಂದರು.

ಹೇಗನ್ 1922ರಲ್ಲಿ ಓಪನ್ ಗೆದ್ದ. 1923ರಲ್ಲಿ ಟ್ರೂನ್‌ನಲ್ಲಿ ಒಂದು ಹೊಡೆತದಿಂದ ಸೋತ. ವಾರವಿಡೀ ಮುಚ್ಚಿದ್ದ ಕ್ಲಬ್‌ಹೌಸಿಗೆ ಬಹುಮಾನ ವಿತರಣೆಯ ಹೊತ್ತಿಗೆ ಕರೆ ಬಂದಾಗ, ಬರುವುದಿಲ್ಲ ಎಂದು ಜನರನ್ನೆಲ್ಲ ತನ್ನ ಜೊತೆ ಪಬ್ಬಿಗೆ ಕರೆದೊಯ್ದ. ಒಟ್ಟು ನಾಲ್ಕು ಬಾರಿ ಗೆದ್ದ. ಅವನ ಗೆಲುವುಗಳಿಗಿಂತ ನನಗೆ ಆ ಬಾಡಿಗೆ ಕಾರೇ ಹೆಚ್ಚು ಇಷ್ಟ.

1949ರಲ್ಲಿ ಸ್ಯಾಂಡ್‌ವಿಚ್‌ನಲ್ಲಿ ನಡೆದದ್ದನ್ನು ಬಿಡಲಾಗದು. ಐರ್ಲೆಂಡಿನ ಹ್ಯಾರಿ ಬ್ರಾಡ್‌ಶಾ ಹೊಡೆದ ಚೆಂಡು ಹೋಗಿ ಒಡೆದ ಬಿಯರ್ ಬಾಟಲಿಯೊಳಗೆ ಕೂತಿತು. ಅಧಿಕಾರಿಗಳನ್ನು ಕಾದು ಕೇಳಿದ್ದರೆ ಏನಾಗುತ್ತಿತ್ತೋ, ಬ್ರಾಡ್‌ಶಾ ಕಾಯಲಿಲ್ಲ. ಕಣ್ಣು ಮುಚ್ಚಿ ಬಾಟಲಿ ಸಮೇತ ಹೊಡೆದ. ಗಾಜು ಚೂರಾಗಿ ಚಿಮ್ಮಿತು, ಚೆಂಡು ಸ್ವಲ್ಪವೇ ಮುಂದೆ ಹೋಯಿತು. ಕೊನೆಗೆ ದಕ್ಷಿಣ ಆಫ್ರಿಕದ ಬಾಬಿ ಲಾಕ್ ಜೊತೆ ಅಂಕ ಸಮವಾಗಿ, ಪ್ಲೇಆಫ್‌ನಲ್ಲಿ ಸೋತ.

ಐವತ್ತರ ದಶಕದ ರಾಜ ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಐದು ಬಾರಿ ಗೆದ್ದ. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ಬೆನ್ನಿಗೆ ನಿಂತವನೂ, ಅದರ ಮೊದಲ ಚಾಂಪಿಯನ್ನೂ ಅವನೇ. ಅಮೆರಿಕದ ದೊಡ್ಡ ಆಟಗಾರರು ಆಗೆಲ್ಲ ಬ್ರಿಟನ್ನಿಗೆ ಬರುತ್ತಿದ್ದದ್ದು ಅಪರೂಪ. 1960ರ ಶತಮಾನೋತ್ಸವಕ್ಕೆ ಬಂದ ಆರ್ನಾಲ್ಡ್ ಪಾಮರ್ ಎರಡನೆಯವನಾದ. ಮುಂದಿನ ಎರಡೂ ವರ್ಷ ಗೆದ್ದ. ಅವನ ಹಿಂದೆಯೇ ಉಳಿದವರೂ ವಿಮಾನ ಹತ್ತಿದರು.

ಇದೇ ಕಾಲದಲ್ಲಿ ಓಪನ್ ಆಡಿದ ಇನ್ನೊಬ್ಬನಿದ್ದಾನೆ. ಪಾಪ್ವಾ ಸ್ಯೂಗೋಲಮ್, ದಕ್ಷಿಣ ಆಫ್ರಿಕದ ಡರ್ಬನ್‌ನ ಭಾರತೀಯ ಮೂಲದ ಕ್ಯಾಡಿ. ಯಾರೂ ಹೇಳಿಕೊಡದೆ ಕಲಿತದ್ದರಿಂದ ಅವನ ಹಿಡಿತವೇ ತಿರುಗುಮುರುಗು, ಬಲಗೈ ಮೇಲೆ, ಎಡಗೈ ಕೆಳಗೆ. ಅದೇ ಹಿಡಿತದಲ್ಲಿ 1959ರಲ್ಲಿ ಡಚ್ ಓಪನ್ ಗೆದ್ದ. 1963ರಲ್ಲಿ ತನ್ನೂರಲ್ಲೇ ನಟಾಲ್ ಓಪನ್ ಗೆದ್ದಾಗ, ವರ್ಣಭೇದದ ಕಾನೂನಿನಿಂದ ಕ್ಲಬ್‌ಹೌಸಿನೊಳಗೆ ಕಾಲಿಡುವಂತಿರಲಿಲ್ಲ. ಬಿಳಿಯರು ಒಳಗೆ, ಚಾಂಪಿಯನ್ ಹೊರಗೆ, ಸುರಿಯುವ ಮಳೆಯಲ್ಲಿ ಟ್ರೋಫಿ ಇಸಿದುಕೊಂಡ. ಆ ಫೋಟೊ ಜಗತ್ತೆಲ್ಲ ತಿರುಗಿತು. ಹೇಗನ್‌ಗೆ ಕಾರಾದರೂ ಇತ್ತು.

ಹೆಂಗಸರ ಮಾತು ಇನ್ನೂ ತಡ. ಓಪನ್‌ನ ನಿಯಮ, ನಡವಳಿಕೆಗಳನ್ನೆಲ್ಲ 1920ರಿಂದ ದಶಕಗಳ ಕಾಲ ಕಾಯುತ್ತಿದ್ದ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಮಹಿಳೆಯರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರ ಸೆಪ್ಟೆಂಬರಿನಲ್ಲಿ. ಮ್ಯೂರ್‌ಫೀಲ್ಡ್ ಮೈದಾನದವರು 2016ರಲ್ಲಿ ಮತ ಹಾಕಿ ಬೇಡವೆಂದರು. ಇನ್ನು ಮುಂದೆ ಓಪನ್ ನಿಮ್ಮಲ್ಲಿಗೆ ಬರುವುದಿಲ್ಲ ಎಂದು ಅದೇ ದಿನ ಉತ್ತರ ಬಂತು. ಮರುವರ್ಷ ಮತ್ತೆ ಮತ ಹಾಕಿ ಬೇಕೆಂದರು.

‘ಎಲ್ಲರಿಗೂ ತೆರೆದದ್ದು’ ಎಂಬ ಮಾತನ್ನು ಅಕ್ಷರಶಃ ನಂಬಿದವನು ಒಬ್ಬನೇ: ಮಾರಿಸ್ ಫ್ಲಿಟ್‌ಕ್ರಾಫ್ಟ್. ಬ್ಯಾರೋ ಊರಿನ ಹಡಗುಕಟ್ಟೆಯಲ್ಲಿ ಕ್ರೇನ್ ಆಪರೇಟರ್, ವಯಸ್ಸು 46. ಲೈಬ್ರರಿಯಿಂದ ಪುಸ್ತಕ ತಂದು ಓದಿ, ಸಮುದ್ರದಂಡೆಯಲ್ಲಿ ಅಭ್ಯಾಸ ಮಾಡಿ, 1976ರ ಓಪನ್‌ಗೆ ಅರ್ಜಿ ಹಾಕಿದ. ಹವ್ಯಾಸಿ ಎಂದು ಬರೆದರೆ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ಹೇಳುವ ಅಧಿಕೃತ ಅಂಕ, ತೋರಿಸಬೇಕು. ಅವನ ಬಳಿ ಅದಿರಲಿಲ್ಲ. ಹಾಗಾಗಿ ‘ವೃತ್ತಿಪರ’ ಎಂದು ಗುರುತು ಹಾಕಿದ. ಅರ್ಜಿ ಪಾಸಾಯಿತು! ಫಾರ್ಮ್‌ಬಿಯಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ 121 ಹೊಡೆತ ಹೊಡೆದ, ಪಾರ್‌ಗಿಂತ, ಅಂದರೆ ಆ ಮೈದಾನಕ್ಕೆ ಗೊತ್ತುಮಾಡಿದ ಹೊಡೆತಗಳಿಗಿಂತ, 49 ಹೆಚ್ಚು. ಜೊತೆಗೆ ಆಡಿದವರು ಪ್ರವೇಶ ಶುಲ್ಕ ವಾಪಸು ಕೇಳಿದರು. ಅವನಿಗೆ ನಿಷೇಧ ಬಿತ್ತು. ಆಮೇಲೆ ಸುಳ್ಳು ಹೆಸರು, ಅಂಟಿಸಿದ ಮೀಸೆಗಳಲ್ಲಿ ಮತ್ತೆ ಮತ್ತೆ ಬಂದ. ಅಧಿಕಾರಿಗಳಿಗೆ ಕೋಪ ಬಂದದ್ದು ಸಹಜ. ಆದರೂ 1860ರ ಆ ಎಂಟು ಜನರ ಸಾಲಿಗೆ ಅವನನ್ನು ಸೇರಿಸಿದರೆ ಟಾಮ್ ಮಾರಿಸ್ ಬೇಡವೆನ್ನುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ.

ನಮ್ಮವರ ಲೆಕ್ಕ ಚಿಕ್ಕದು. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ 2012ರಲ್ಲಿ ರಾಯಲ್ ಲಿಥಂನ ಒಂಬತ್ತನೇ ಕುಳಿಗೆ ಒಂದೇ ಹೊಡೆತದಲ್ಲಿ ಚೆಂಡು ಹಾಕಿದರು. 2023ರಲ್ಲಿ ಹಾಯ್‌ಲೇಕ್‌ನಲ್ಲಿ ಶುಭಂಕರ್ ಶರ್ಮಾ ಜಂಟಿ ಎಂಟನೆಯವರಾದರು. ಓಪನ್‌ನಲ್ಲಿ ಭಾರತೀಯರೊಬ್ಬರು ಇಷ್ಟು ಮೇಲೆ ಮುಗಿಸಿದ್ದು ಅದೇ ಮೊದಲು. ಟಾಮ್ ಮಾರಿಸ್ ನಡೆದ ದಾರಿಯಲ್ಲೇ ನಡೆದವರು ಮಾತ್ರ ಇನ್ನೊಬ್ಬರು, ಬೆಂಗಳೂರಿನ ಸಿ. ಮುನಿಯಪ್ಪ. ಬೇರೆಯವರ ಬ್ಯಾಗು ಹೊರುವ ಕ್ಯಾಡಿಯಾಗಿದ್ದವರು 2009ರಲ್ಲಿ ಗುರುಗ್ರಾಮದಲ್ಲಿ ಪ್ಲೇಆಫ್ ಆಡಿ ಇಂಡಿಯನ್ ಓಪನ್ ಗೆದ್ದರು.

ಪ್ರೆಸ್ಟ್‌ವಿಕ್‌ಗೆ ಓಪನ್ ಕೊನೆಯದಾಗಿ ಬಂದದ್ದು 1925ರಲ್ಲಿ, ಇಪ್ಪತ್ನಾಲ್ಕನೇ ಬಾರಿ. ಅಂದು ನುಗ್ಗಿದ ಜನಜಂಗುಳಿಯಲ್ಲಿ ಆಟಗಾರರಿಗೇ ದಾರಿ ಸಿಗದೆ ಹೋಗಿ, ಈ ಮೈದಾನ ಇನ್ನು ಸಾಲದು ಎಂದು ಕೈಬಿಟ್ಟರು. ಕ್ಲಬ್ ಈಗಲೂ ಇದೆ. ಪಕ್ಕದಲ್ಲೇ ರೈಲು ನಿಲ್ದಾಣ. ಹಳೆಯ ಹನ್ನೆರಡು ಕುಳಿಗಳ ಮೈದಾನದಲ್ಲಿ ಮೊದಲ ಹೊಡೆತ ಹೊಡೆದ ಜಾಗಕ್ಕೆ ಗುರುತಾಗಿ ಕಲ್ಲು ಪೇರಿಸಿದ್ದಾರೆ. ಅಲ್ಲಿ ನಿಂತು 578 ಗಜದಾಚೆ ಕಣ್ಣು ಹಾಯಿಸಬೇಕು, ಮಧ್ಯೆ ಬರೀ ದಿಬ್ಬ. ಆ ಹುಡುಗ ಮೂರೇ ಹೊಡೆತದಲ್ಲಿ ಮುಗಿಸಿದ್ದು ಅದನ್ನೇ.